ಕಟ್ಟಿಸುವ ಮೊದಲು ನೆರಳನ್ನು ಅಳೆಯಿರಿ

ಪ್ರತಿವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ, ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಹಗಲಿನಲ್ಲಿ ನೆರಳೇ ಬೀಳುವುದಿಲ್ಲ. ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಆ ಎರಡು ದಿನ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆ ದಿನಗಳ ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ, ಉಳಿದ ಎಂಟು ತಿಂಗಳು ದಕ್ಷಿಣದಿಂದ. ಮನೆಯಾಗಲಿ, ಕಚೇರಿಯಾಗಲಿ, ಸಭಾಭವನವಾಗಲಿ, ಈ ಊರಿನಲ್ಲಿ ಏನನ್ನೇ ಕಟ್ಟಿಸಲು ಹೊರಟವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಆದರೆ ಹೆಚ್ಚಿನವರು ಮೊದಲು ಆರಿಸುವುದು ಎಲಿವೇಶನ್ ಅನ್ನು, ಅಂದರೆ ರಸ್ತೆಯಿಂದ ಕಾಣುವ ಮುಖವನ್ನು. ಮುಖ ಮೊದಲು ನಿಶ್ಚಯವಾದರೆ ಕಿಟಕಿಗಳು ಆ ಮುಖಕ್ಕೆ ಹೊಂದಿಕೊಂಡು ಕೂರುತ್ತವೆಯೇ ಹೊರತು ಬಿಸಿಲು, ಗಾಳಿ, ಮಳೆಗಳಿಗೆ ಹೊಂದಿಕೊಳ್ಳುವುದಿಲ್ಲ. ಆಮೇಲೆ ಆ ತಪ್ಪನ್ನು ಪರದೆ, ಎಸಿ ಮತ್ತು ಹಗಲಿನಲ್ಲೂ ಉರಿಯುವ ದೀಪಗಳಿಂದ ಮುಚ್ಚಬೇಕಾಗುತ್ತದೆ. ಆ ಕ್ರಮವನ್ನು ತಿರುಗಿಸಿ, ನೆರಳಿನಿಂದ ಆರಂಭಿಸಿ ಮುಖಕ್ಕೆ ಬರುವುದು ಹೇಗೆ ಎಂಬುದನ್ನು ನಾನು ಕೆಲಸ ಮಾಡುವ ರೀತಿಯಲ್ಲೇ ಇಲ್ಲಿ ವಿವರಿಸುತ್ತೇನೆ.

ನಿವೇಶನವನ್ನು ಓದುವುದು

ಒಂದು ಮೀಟರ್ ಉದ್ದದ ನೇರವಾದ ಕೋಲು, ಟೇಪು ಮತ್ತು ಸುಣ್ಣದ ಪುಡಿ ಇದ್ದರೆ ಸಾಕು. ಖಾಲಿ ನಿವೇಶನದ ನಡುವೆ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ 9 ಗಂಟೆಗೆ, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಮತ್ತು ಸಂಜೆ 4 ಗಂಟೆಗೆ ಅದರ ನೆರಳಿನ ತುದಿಯನ್ನು ಗುರುತು ಮಾಡಿ. ಮಧ್ಯಾಹ್ನಕ್ಕೆ ಇಪ್ಪತ್ತು ನಿಮಿಷ ಸೇರಿಸಲು ಕಾರಣವಿದೆ: ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಬೆಂಗಳೂರು ಇರುವುದು 77.6ರಲ್ಲಿ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಿಂತ ತಡವಾಗಿ. ಡಿಸೆಂಬರ್ 21ರ ಮಧ್ಯಾಹ್ನ ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚುತ್ತದೆ. ಜೂನ್ 21ರಂದು ದಕ್ಷಿಣಕ್ಕೆ 18 ಸೆಂಟಿಮೀಟರಿನಷ್ಟು ಮಾತ್ರ.

ಈ ಒಂದು ಅನುಪಾತದಿಂದ ಬಹಳಷ್ಟು ತಿಳಿಯುತ್ತದೆ. ನಿಮ್ಮ ದಕ್ಷಿಣದ ನೆರೆಯಲ್ಲಿ 33 ಅಡಿ ಎತ್ತರದ ಕಟ್ಟಡವಿದ್ದರೆ ಡಿಸೆಂಬರಿನ ನಡುಹಗಲಿನಲ್ಲಿ ಅದರ ನೆರಳು ನಿಮ್ಮ ಕಡೆಗೆ 24 ಅಡಿ ಬರುತ್ತದೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಇದರ ಅರ್ಥವೇನೆಂದರೆ, ನೆಲಮಹಡಿಯ ಬಹುಭಾಗಕ್ಕೆ ಚಳಿಗಾಲದ ಬಿಸಿಲೇ ಇಲ್ಲ. ಮನೆಯಲ್ಲಿ ವಯಸ್ಸಾದವರಿದ್ದು ಬೆಳಗಿನ ಹೊತ್ತು ಬಿಸಿಲು ಕಾಯಿಸುವ ಅಭ್ಯಾಸವಿದ್ದರೆ, ಅವರ ಕೋಣೆಯನ್ನು ಪೂರ್ವಕ್ಕೆ ತರಬೇಕು, ಇಲ್ಲವೇ ಮೊದಲ ಮಹಡಿಗೆ ಲಿಫ್ಟ್ ಯೋಚಿಸಬೇಕು. ಪಕ್ಕದ ನಿವೇಶನ ಇಂದು ಖಾಲಿಯಿದ್ದರೂ ನಾಳೆ ಅಲ್ಲಿ ಮೂರು ಮಹಡಿ ಏಳುತ್ತದೆ ಎಂದೇ ಎಣಿಸಿ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಪಕ್ಕದವರ ಖಾಲಿ ಜಾಗವನ್ನು ನಂಬಿ ಇಟ್ಟ ಕಿಟಕಿಗಳು ಕೆಲವೇ ವರ್ಷಗಳಲ್ಲಿ ಗೋಡೆಯನ್ನು ನೋಡುವ ಕಿಟಕಿಗಳಾಗಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ.

ಬಿಸಿಲಿನ ಜೊತೆಗೆ ನೀರಿನ ಇಳಿಜಾರನ್ನೂ ನೋಡಿ. ಜೋರು ಮಳೆ ಬಂದ ಸಂಜೆ ನಿವೇಶನಕ್ಕೆ ಹೋಗಿ ರಸ್ತೆಯ ನೀರು ಯಾವ ಕಡೆಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ಕಂಡು ಬಂದರೆ ಪ್ಲಿಂತ್, ಅಂದರೆ ಮನೆಯ ನೆಲಗಟ್ಟಿನ ಎತ್ತರದ ಪ್ರಶ್ನೆ ತಾನಾಗಿ ತೀರ್ಮಾನವಾಗುತ್ತದೆ. ಕೆರೆಯಂಗಳವಾಗಿದ್ದ ಜಾಗಗಳಲ್ಲಿ ಮೇಲೆ ಕೆಂಪುಮಣ್ಣು ಹರಡಿದ್ದರೂ ಕೆಳಗೆ ಜೇಡಿಯಿರಬಹುದು. ಆದ್ದರಿಂದ ಮಣ್ಣಿನ ಪರೀಕ್ಷೆ ಮಾಡಿಸದೆ ಪಾಯ ತೆಗೆಯಬೇಡಿ. ನಿವೇಶನದೊಳಗೆ ಅಥವಾ ಎದುರಿನ ಪಾದಚಾರಿ ಮಾರ್ಗದಲ್ಲಿ ಹೊಂಗೆಯೋ ಮಳೆಮರವೋ ಇದ್ದರೆ ಅದರ ಕಾಂಡ ಮತ್ತು ಹರವನ್ನು ನಕ್ಷೆಯಲ್ಲಿ ಗುರುತಿಸಿ. ಪಶ್ಚಿಮಕ್ಕೆ ಒಂದು ದೊಡ್ಡ ಮರವಿರುವವರಿಗೆ ಯಾವ ಗಾಜಿನ ಕಂಪನಿಯೂ ಕೊಡಲಾಗದ ರಕ್ಷಣೆ ಬಿಟ್ಟಿಯಾಗಿ ಸಿಕ್ಕಿರುತ್ತದೆ.

ಊರಿನ ಕಟ್ಟಡಗಳನ್ನು ನೋಡಲು ಎರಡು ಶನಿವಾರ

ಚಿತ್ರಗಳಲ್ಲಿ ಬಿಸಿ ತಿಳಿಯುವುದಿಲ್ಲ, ಸದ್ದು ಕೇಳುವುದಿಲ್ಲ, ಸೂರಿನ ಎತ್ತರ ಮೈಗೆ ಅನುಭವಕ್ಕೆ ಬರುವುದಿಲ್ಲ. ಆದ್ದರಿಂದ ವಾಸ್ತುಶಿಲ್ಪಿಯನ್ನು ಕಾಣುವ ಮೊದಲು ಟೇಪು ಮತ್ತು ಒಂದು ಪುಸ್ತಕ ಹಿಡಿದು ಊರಿನ ಕೆಲವು ಕಟ್ಟಡಗಳಲ್ಲಿ ಸಮಯ ಕಳೆಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು 1970ರ ದಶಕದಲ್ಲಿ ವಿನ್ಯಾಸಗೊಳಿಸಲು ಆರಂಭಿಸಿದರು. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ. ಒರಟಾದ ಗ್ರಾನೈಟ್ ಗೋಡೆ, ಎತ್ತರದ ಪಡಸಾಲೆಗಳು, ಮೇಲೆ ಕಾಂಕ್ರೀಟಿನ ತೊಲೆಗಳ ಹಂದರ, ಅದರ ಸಂದುಗಳಿಂದ ಇಳಿಯುವ ಬೆಳಕು, ಹಬ್ಬಿದ ಬಳ್ಳಿ: ಅನುಮತಿ ಪಡೆದು ಒಳಗೆ ಹೋದವರು ಗಮನಿಸಬೇಕಾದದ್ದು ಕೋಣೆಗಳಿಗಿಂತ ಹೆಚ್ಚಾಗಿ ಕೋಣೆಗಳ ನಡುವಿನ ಜಾಗವನ್ನು. ಪೂರ್ತಿ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಆ ಜಾಗ ನಮ್ಮ ಜಗಲಿಯ ಸ್ವಭಾವದ್ದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ಹವೆಯಲ್ಲಿ ವರ್ಷದ ಹೆಚ್ಚಿನ ದಿನ ಅಂತಹ ಜಾಗದಲ್ಲಿ ಕುಳಿತು ಓದಬಹುದು, ಊಟ ಮಾಡಬಹುದು, ಪಾಠ ಹೇಳಬಹುದು. ನಾಜಿ ಆಡಳಿತದಿಂದಾಗಿ ಜರ್ಮನಿಯನ್ನು ತೊರೆದು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಟ್ಟಿದ ಕಟ್ಟಡಗಳಲ್ಲಿಯೂ ಇದೇ ಎಚ್ಚರವಿದೆ: ಕಿಟಕಿಯ ಮೇಲೆ ಬಿಸಿಲು ಮಳೆಗೆ ಅಡ್ಡವಾಗಿ ಚಾಚಿದ ಸಜ್ಜಾ, ಎದುರುಬದುರು ಕಿಟಕಿಗಳು, ಗಾಳಿಯ ಲೆಕ್ಕ.

ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ 2019ರಲ್ಲಿ ತೆರೆಯಿತು. ಬಿಜೋಯ್ ರಾಮಚಂದ್ರನ್ ಮತ್ತು ಸುನೀತಾ ಕೊಂಡೂರು ಅವರ ಹಂಡ್ರೆಡ್‌ಹ್ಯಾಂಡ್ಸ್ ಸಂಸ್ಥೆಯ ವಿನ್ಯಾಸ. ಅಲ್ಲಿ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಮೆಟ್ಟಿಲು, ಮೊಗಸಾಲೆ, ತಾರಸಿಗಳಲ್ಲಿ ಜನ ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ನೋಡಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಹಳೆಯ ಮನೆಯನ್ನು ಕೆಡವದೆ, ಆವರಣದ ಮರಗಳನ್ನು ಉಳಿಸಿಕೊಂಡು, ಹೊಸ ಭಾಗವನ್ನು ಅದರ ಹಿಂದೆ ತಗ್ಗಿ ನಿಲ್ಲಿಸಿದ ಆ ಕೆಲಸವನ್ನು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಜ್ಜನ ಕಾಲದ ಮನೆ ಉಳ್ಳವರು ಒಮ್ಮೆಯಾದರೂ ನೋಡಬೇಕು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ, ಅಂದರೆ ಮ್ಯಾಪ್, ಇದಕ್ಕೆ ನೇರ ಎದುರಾದ ಉದಾಹರಣೆ. ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯ ವಾಸ್ತುಶಿಲ್ಪಿಗಳು ಉಕ್ಕಿನ ಹಲಗೆಗಳನ್ನು ಹೊದಿಸಿ ಅದನ್ನು ಹೆಚ್ಚೂಕಡಿಮೆ ಮುಚ್ಚಿದ ಪೆಟ್ಟಿಗೆಯಾಗಿಯೇ ಕಟ್ಟಿದ್ದಾರೆ. ಕಾಗದ ಮತ್ತು ಬಟ್ಟೆಯ ಮೇಲಿನ ಕೃತಿಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂಬುದು ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂಬುದು ಸಂರಕ್ಷಣೆಯ ಸಾಮಾನ್ಯ ನಿಯಮವಾದ್ದರಿಂದ ಅಲ್ಲಿ ಮುಚ್ಚಿದ ಗೋಡೆಗೆ ಕಾರಣವಿದೆ. ಅದೇ ರೂಪವನ್ನು ವಾಸದ ಮನೆಗೆ ತಂದರೆ ಆ ಕಾರಣ ಇರುವುದಿಲ್ಲ. ಕಟ್ಟಡಗಳನ್ನು ಹೀಗೆ ಕಾರಣ ಕೇಳುತ್ತ ನೋಡುವುದನ್ನು ರೂಢಿಸಿಕೊಂಡರೆ ಯಾವುದನ್ನು ಮನೆಗೆ ಒಯ್ಯಬೇಕು, ಯಾವುದನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬುದು ತಿಳಿಯುತ್ತದೆ.

ಮನೆ

ಮೊದಲು ಕಿಟಕಿ. ದಕ್ಷಿಣದ ಗೋಡೆಯಲ್ಲಿ 4 ಅಡಿ ಎತ್ತರದ ಕಿಟಕಿಯ ನೇರ ಮೇಲೆ 2 ಅಡಿ ಸಜ್ಜಾ ಚಾಚಿದರೆ, ಫೆಬ್ರುವರಿ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ನಡುಹಗಲಿನ ಬಿಸಿಲು ಆ ಗಾಜಿನ ಮೇಲೆ ಬೀಳುವುದಿಲ್ಲ. ನವೆಂಬರಿನಿಂದ ಚಳಿಗಾಲದ ಹಿತವಾದ ಬಿಸಿಲು ಕೆಳಗಿನಿಂದ ಒಳಗೆ ಬರುತ್ತದೆ. ಇಷ್ಟು ಸರಳವಾದ, ಇಷ್ಟು ಅಗ್ಗವಾದ ಸಾಧನ ಇನ್ನೊಂದಿಲ್ಲ. ಆದರೂ ಮುಂಭಾಗ ನುಣುಪಾಗಿ ಕಾಣಲಿ ಎಂದು ಇತ್ತೀಚಿನ ಮನೆಗಳಲ್ಲಿ ಮೊದಲು ಕತ್ತರಿಸುವುದು ಸಜ್ಜಾವನ್ನೇ ಎಂಬುದು ನನಗೆ ನೋವಿನ ವಿಷಯ. ಉತ್ತರದ ಕಿಟಕಿಗೆ ಒಂದು ಅಡಿಯ ಸಜ್ಜಾ ಸಾಕು, ಆದರೆ ಮಳೆಯ ಎರಚಲಿಗಾಗಿಯಾದರೂ ಅದು ಇರಬೇಕು.

ಪಶ್ಚಿಮದ ಲೆಕ್ಕವೇ ಬೇರೆ. ಮಾರ್ಚ್ ತಿಂಗಳ ಸಂಜೆ 5 ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು 21 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ 2 ಅಡಿ ಸಜ್ಜಾ ಕಿಟಕಿಯ ಮೇಲಿನ 9 ಇಂಚಿಗೆ ಮಾತ್ರ ನೆರಳು ಕೊಡುತ್ತದೆ, ಉಳಿದ ಮೂರು ಅಡಿಗೂ ಹೆಚ್ಚು ಭಾಗ ಸುಡುತ್ತದೆ. ಆದ್ದರಿಂದ ಪಶ್ಚಿಮದಲ್ಲಿ ಸಜ್ಜಾವನ್ನು ಉದ್ದ ಮಾಡುವುದು ವ್ಯರ್ಥ. ಕಿಟಕಿಯನ್ನು ಚಿಕ್ಕದಾಗಿಸಬೇಕು, ಹೊರಗೆ ನೆಟ್ಟನೆಯ ಪಟ್ಟಿಗಳನ್ನೋ ಜಾಲಂಧ್ರದ ಗೋಡೆಯನ್ನೋ ನಿಲ್ಲಿಸಬೇಕು, ಇಲ್ಲವೇ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಆ ಕಡೆಗೆ ಸಾಲಾಗಿ ಇಟ್ಟು ವಾಸದ ಕೋಣೆಗಳಿಗೆ ಅವುಗಳನ್ನೇ ಗುರಾಣಿ ಮಾಡಬೇಕು. ನಾನು ಕೆಲಸ ಆರಂಭಿಸಿದ ಹೊಸತರಲ್ಲಿ, ಕೆರೆಯ ನೋಟ ಸಿಗಲೆಂದು ಒಂದು ಮನೆಯ ಪಶ್ಚಿಮದ ಗೋಡೆಗೆ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದ್ದೆ. ಮೊದಲ ಬೇಸಿಗೆಯಲ್ಲಿಯೇ ಆ ಮನೆಯವರು ಹೊರಗಡೆ ಬಿದಿರಿನ ಚಾಪೆ ಇಳಿಬಿಟ್ಟರು. ಆ ಮನೆಯ ಹಿರಿಯ ತಾಯಿ ಮಧ್ಯಾಹ್ನ ಮೂರರ ನಂತರ ಆ ಕೋಣೆಯಲ್ಲಿ ಕೂರಲು ಆಗುವುದಿಲ್ಲ ಎಂದು ಹೇಳಿದ ದಿನದಿಂದ ನಾನು ಪಶ್ಚಿಮಕ್ಕೆ ದೊಡ್ಡ ಗಾಜು ಬರೆದಿಲ್ಲ.

ಮೂವತ್ತು ನಲವತ್ತರ ನಿವೇಶನದಲ್ಲಿ ಎರಡೂ ಪಕ್ಕ ಮನೆಗಳಿರುವುದರಿಂದ ಮನೆಯ ನಡುಭಾಗ ಕತ್ತಲೆಯಾಗುವುದು ಸಹಜ. ಇದಕ್ಕೆ ಉತ್ತರ ನಮ್ಮ ತೊಟ್ಟಿ ಮನೆಯಲ್ಲೇ ಇದೆ, ಆದರೆ ಅಳತೆ ಬದಲಾಗಬೇಕು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ಕೋರಮಂಗಲದಲ್ಲಿ ಕಟ್ಟಿಕೊಂಡ ಮನೆಯ ಎಲ್ಲ ಕೋಣೆಗಳೂ ಒಂದು ತೆರೆದ ಅಂಗಳದ ಸುತ್ತ ಕೂಡಿಕೊಂಡಿವೆ. ಹನ್ನೆರಡು ಚದರದ (ಒಂದು ಚದರವೆಂದರೆ 100 ಚದರ ಅಡಿ) ನಿವೇಶನದಲ್ಲಿ ಅಷ್ಟು ದೊಡ್ಡ ಅಂಗಳ ಸಾಧ್ಯವಿಲ್ಲದಿದ್ದರೂ 6 ಅಡಿಗೆ 8 ಅಡಿಯ ಒಂದು ಬೆಳಕಿನ ಬಾವಿಯನ್ನು ಬಿಟ್ಟುಕೊಡಬಹುದು. ಅರ್ಧ ಚದರವೂ ಇಲ್ಲದ ಈ ಜಾಗವನ್ನು ಬಿಡಲು ಮನೆಯವರು ಹಿಂಜರಿಯುತ್ತಾರೆ, ಚದರಕ್ಕೆ ಇಷ್ಟು ಎಂದು ಹಣ ಎಣಿಸುವ ಊರಿನಲ್ಲಿ ಅದು ಅರ್ಥವಾಗುವ ಹಿಂಜರಿಕೆಯೇ. ಆದರೆ ಅದರಿಂದ ಊಟದ ಕೋಣೆ, ಅಡುಗೆಮನೆ, ಮೆಟ್ಟಿಲು ಮೂರಕ್ಕೂ ಹಗಲಿನ ಬೆಳಕು ಬರುತ್ತದೆ. ಬಾವಿಯ ಗೋಡೆಗಳಿಗೆ ಬಿಳಿ ಸುಣ್ಣ ಹೊಡೆಸಿ, ಮೇಲೆ ಗಾಜು ಮುಚ್ಚುವುದಾದರೆ ಗಾಜಿನ ಕೆಳಗೆ ನಾಲ್ಕು ಬದಿಯಲ್ಲಿ ಒಂದು ಅಡಿ ಎತ್ತರದ ತೆರಪು ಬಿಟ್ಟು ಸೊಳ್ಳೆಪರದೆ ಕೂರಿಸಿ. ಬಿಸಿಗಾಳಿ ಮೇಲೇರಿ ಆ ತೆರಪಿನಿಂದ ಹೊರಹೋಗುತ್ತದೆ, ಕೆಳಗಿನ ಕಿಟಕಿಗಳಿಂದ ತಂಪುಗಾಳಿ ಒಳಬರುತ್ತದೆ. ತಾರಸಿಯ ಮೇಲೆ ಮೆಟ್ಟಿಲನ್ನು ಮುಚ್ಚುವ ಕೋಣೆಗೆ, ಅಂದರೆ ಹೆಡ್‌ರೂಮಿಗೆ, ಇದೇ ಕೆಲಸವನ್ನು ಒಪ್ಪಿಸಬಹುದು. ಅದರ ಮೇಲ್ಗೋಡೆಯಲ್ಲಿ ವೆಂಟಿಲೇಟರ್ ಇಟ್ಟರೆ ಇಡೀ ಮನೆಗೆ ಅದೇ ಚಿಮಣಿ.

ಗಾಳಿಯ ವಿಷಯದಲ್ಲಿ ಒಂದು ನಿಯಮ ಮರೆಯಬಾರದು. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಗಾಳಿ ಹರಿಯುವುದಿಲ್ಲ, ಒಳಬಂದ ಗಾಳಿಗೆ ಹೊರಹೋಗುವ ದಾರಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ ನೈಋತ್ಯಗಳಿಂದ, ಚಳಿಗಾಲದಲ್ಲಿ ಪೂರ್ವ ಈಶಾನ್ಯಗಳಿಂದ ಬೀಸುತ್ತದೆ. ಆದ್ದರಿಂದ ಪೂರ್ವ ಪಶ್ಚಿಮಗಳ ನಡುವೆ ಅಡ್ಡಗೋಡೆಗಳಿಲ್ಲದ, ಅಥವಾ ಬಾಗಿಲಿನ ಮೇಲೆ ವೆಂಟಿಲೇಟರ್ ಇರುವ ಒಂದು ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸುವಂತಿರಬೇಕು.

ವಾಸ್ತುವಿನ ನಂಬಿಕೆ ಇರುವವರು ಅದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು, ನಕ್ಷೆ ಮುಗಿದ ಮೇಲೆ ಅಲ್ಲ. ಈಶಾನ್ಯಕ್ಕೆ ದೇವರ ಮನೆ, ಆಗ್ನೇಯಕ್ಕೆ ಅಡುಗೆಮನೆ ಇಟ್ಟರೆ ಎರಡಕ್ಕೂ ಬೆಳಗಿನ ಬೆಳಕು ಸಿಗುವುದರಿಂದ ಹವೆಯ ಲೆಕ್ಕಕ್ಕೂ ಅದಕ್ಕೂ ವಿರೋಧವಿಲ್ಲ. ನೈಋತ್ಯದ ಮಲಗುವ ಕೋಣೆ ಮಾತ್ರ ಮಧ್ಯಾಹ್ನದ ಬಿಸಿಲೆಲ್ಲವನ್ನೂ ಹೀರಿ ರಾತ್ರಿ ಹೊರಸೂಸುತ್ತದೆ. ಅಲ್ಲಿ ಪಶ್ಚಿಮದ ಗೋಡೆಗೆ ಉದ್ದಕ್ಕೂ ಬೀರುಗಳನ್ನು ಕಟ್ಟಿಸಿದರೆ ನಂಬಿಕೆಯೂ ಉಳಿಯುತ್ತದೆ, ನಿದ್ದೆಯೂ ಬರುತ್ತದೆ.

ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಹತ್ತಿರವೇ ಇರುವುದರಿಂದ ಬೆಂಗಳೂರಿನ ಮನೆಗೆ ಹೆಚ್ಚಿನ ಬಿಸಿ ಬರುವುದು ಗೋಡೆಯಿಂದಲ್ಲ, ತಾರಸಿಯಿಂದ. ಬಿಳಿಯ ಹೆಂಚಿನ ಚೂರುಗಳ ಹೊದಿಕೆ, ಅಥವಾ ಬಿಸಿಲು ಹಿಂದಿರುಗಿಸುವ ಬಿಳಿ ಬಳಿತ, ಅಥವಾ ತಾರಸಿಯ ಮೇಲೆ ಬಳ್ಳಿಯ ಚಪ್ಪರ, ಇವುಗಳಲ್ಲಿ ಒಂದನ್ನಾದರೂ ಬಜೆಟ್ಟಿನಲ್ಲಿ ಮೊದಲೇ ಸೇರಿಸಿ. ಮೋಲ್ಡ್, ಅಂದರೆ ಸೂರಿನ ಕಾಂಕ್ರೀಟ್ ಹಾಸು, ಹಾಕುವಾಗ ಸರಳುಗಳ ನಡುವೆ ಮಂಗಳೂರು ಹೆಂಚುಗಳನ್ನು ಇಟ್ಟು ಕಾಂಕ್ರೀಟ್ ಸುರಿಯುವ ಫಿಲ್ಲರ್ ಸ್ಲ್ಯಾಬ್ ಪದ್ಧತಿಯಲ್ಲಿ ಕಾಂಕ್ರೀಟೂ ಉಳಿಯುತ್ತದೆ, ಒಳಗಿನಿಂದ ಕಾಣುವ ಹೆಂಚಿನ ಸಾಲು ಸೂರಿಗೆ ಬೇರೆ ಅಲಂಕಾರ ಬೇಡವೆನ್ನಿಸುತ್ತದೆ. ಅದನ್ನು ಮೊದಲು ಮಾಡಿ ಬಲ್ಲ ಮೇಸ್ತ್ರಿಯಿಂದ, ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ನಕ್ಷೆಯಂತೆಯೇ ಮಾಡಿಸಬೇಕು.

ಗೋಡೆಗೆ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ನಾನು ಹೆಚ್ಚು ಇಷ್ಟಪಡುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ಬಳಕೆಗೆ ತಂದರು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು ಈ ಊರಿನಲ್ಲಿ ಇದರಿಂದ ನೂರಾರು ಮನೆಗಳನ್ನು ಕಟ್ಟಿದ್ದಾರೆ. ಪಾಯಕ್ಕೂ ನೆಲದೊಳಗಿನ ನೀರಿನ ತೊಟ್ಟಿಯಾದ ಸಂಪಿಗೂ ಅಗೆದ ಕೆಂಪುಮಣ್ಣನ್ನು ಜರಡಿ ಹಿಡಿದು, ಅಗತ್ಯವಿದ್ದರೆ ಮರಳು ಬೆರೆಸಿ, ಶೇಕಡಾ 7ರಿಂದ 8ರಷ್ಟು ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡಿನ ಸೌದೆ ಬೇಡ, ಮಣ್ಣನ್ನು ಲಾರಿಯಲ್ಲಿ ಊರಾಚೆ ಸುರಿಯುವ ಖರ್ಚೂ ಬೇಡ. ಇದಕ್ಕೆ ಶತ್ರು ಒಂದೇ, ನೆಲದಿಂದ ಸಿಡಿಯುವ ಮಳೆನೀರು. ಕೆಳಗೆ ಸೈಜುಗಲ್ಲಿನ ಎರಡು ವರಸೆ, ಮೇಲೆ ಚಾಚಿದ ಸೂರು ಇದ್ದರೆ ಗಿಲಾವು ಬಣ್ಣಗಳಿಲ್ಲದೆಯೂ ಆ ಗೋಡೆ ದಶಕಗಳ ಕಾಲ ನಿಲ್ಲುತ್ತದೆ.

ಇನ್ನು ಮಳೆನೀರು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಬೀದಿಬೀದಿಯಲ್ಲಿ ಕಾದ ನೆನಪು ಯಾರಿಗೂ ಮಾಸಿಲ್ಲ. ನಮಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಬೆಟ್ಟದಷ್ಟು ಎತ್ತರಕ್ಕೆ ಪಂಪು ಮಾಡಿದ ನೀರು. ಜಲಮಂಡಳಿಯ ನಿಯಮದಂತೆ 30ಕ್ಕೆ 40ರ ನಿವೇಶನದಲ್ಲಿ ಕಟ್ಟುವ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಆದರೆ ಕಡ್ಡಾಯಕ್ಕಾಗಿ ಒಂದು ಪೈಪು ತೋರಿಸಿ ಬಿಡುವುದಕ್ಕೂ ನಿಜವಾಗಿ ನೀರು ಹಿಡಿಯುವುದಕ್ಕೂ ಅಂತರವಿದೆ. ಲೆಕ್ಕ ಹೀಗಿದೆ: 8 ಚದರದ ತಾರಸಿ ಎಂದರೆ 74 ಚದರ ಮೀಟರ್. ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆಯೆಂದು ಹಿಡಿದರೆ 72 ಸಾವಿರ ಲೀಟರ್ ಬೀಳುತ್ತದೆ, ಆವಿ ಸೋರಿಕೆಗಳನ್ನು ಕಳೆದು 57 ಸಾವಿರ ಲೀಟರ್ ಕೈಗೆ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ಇದು ನೂರು ದಿನದ ನೀರು. ಇಷ್ಟನ್ನೂ ಒಮ್ಮೆಲೇ ತುಂಬಿಡುವ ತೊಟ್ಟಿ ಬೇಡ, ಏಕೆಂದರೆ ನಮ್ಮ ಮಳೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುತ್ತದೆ. 50 ಮಿಲಿಮೀಟರಿನ ಒಂದು ಜೋರು ಮಳೆಗೆ ಸಿಗುವುದು ಸುಮಾರು 3 ಸಾವಿರ ಲೀಟರ್, ಆದ್ದರಿಂದ 6ರಿಂದ 8 ಸಾವಿರ ಲೀಟರಿನ ಪ್ರತ್ಯೇಕ ಮಳೆ ಸಂಪು ಸಾಕು. ಪ್ರತಿ ಮಳೆಯ ಮೊದಲ 150 ಲೀಟರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಸಂಪಿಗೆ, ತುಂಬಿ ಹರಿದದ್ದನ್ನು 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿಗೆ ಹರಿಸಿ. ಈ ಬಾವಿಗಳನ್ನು ತಲೆತಲಾಂತರದಿಂದ ತೋಡುತ್ತ ಬಂದ ಮಣ್ಣು ವಡ್ಡರು ಇಂದಿಗೂ ಊರಿನ ಅಂಚಿನ ಹಳ್ಳಿಗಳಲ್ಲಿದ್ದಾರೆ. ಕೆಲಸವನ್ನು ಅವರಿಗೇ ಕೊಡಿ, ಮಣ್ಣಿನ ಪದರಗಳನ್ನು ಅವರಷ್ಟು ಬಲ್ಲವರಿಲ್ಲ.

ಕಚೇರಿ

ಬಾಡಿಗೆ ಮಹಡಿಯಲ್ಲಿ ಕಚೇರಿ ಮಾಡುವವರಿಗೆ ಕಟ್ಟಡದ ದಿಕ್ಕನ್ನು ಬದಲಿಸುವ ಅವಕಾಶವಿಲ್ಲ, ಆದರೆ ಮೇಜುಗಳನ್ನು ಎಲ್ಲಿ ಇಡಬೇಕೆಂಬುದು ಅವರ ಕೈಯಲ್ಲೇ ಇದೆ. ಕಿಟಕಿಯ ಮೇಲ್ತುದಿ ನೆಲದಿಂದ ಎಷ್ಟು ಎತ್ತರವಿದೆಯೋ ಅದರ ಸುಮಾರು ಎರಡೂಕಾಲು ಪಟ್ಟು ದೂರದವರೆಗೆ ಮಾತ್ರ ಕೆಲಸಕ್ಕೆ ಸಾಲುವಷ್ಟು ಹಗಲಿನ ಬೆಳಕು ತಲುಪುತ್ತದೆ. 9 ಅಡಿ ಎತ್ತರದ ಕಿಟಕಿಯಾದರೆ ಅದು 20 ಅಡಿ. ಆ ಇಪ್ಪತ್ತು ಅಡಿಯೊಳಗೆ ದಿನವಿಡೀ ಕೂರುವವರ ಮೇಜುಗಳಿರಬೇಕು. ಸಭೆಯ ಕೋಣೆ, ಕಡತ, ಪ್ಯಾಂಟ್ರಿ, ಸರ್ವರ್ ಕೋಣೆಗಳು ಒಳಗೆ ಹೋಗಬೇಕು. ಯಜಮಾನರ ಕೋಣೆಗಳನ್ನು ಕಿಟಕಿಯ ಉದ್ದಕ್ಕೂ ಕಟ್ಟಿ ಉಳಿದವರನ್ನು ನಡುವೆ ಕೂರಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟರೆ ವಿದ್ಯುತ್ತಿನ ಬಿಲ್ಲೂ ಇಳಿಯುತ್ತದೆ.

ಸ್ವಂತ ಕಟ್ಟಡವಾದರೆ ಉದ್ದನೆಯ ಬದಿಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿ, ಮಹಡಿಯ ಅಗಲವನ್ನು 45 ಅಡಿಯೊಳಗೆ ಇಟ್ಟು, ಕಿಟಕಿಗಳನ್ನು ತೆರೆಯಲು ಬರುವಂತೆ ಮಾಡಿಸಿ. ಪೂರ್ತಿ ಗಾಜಿನ ಹೊದಿಕೆಯ ಕಟ್ಟಡದಲ್ಲಿ ಹೊರಗೆ ಜುಲೈ ತಿಂಗಳ ತಣ್ಣನೆಯ ಗಾಳಿ ಬೀಸುತ್ತಿರುವಾಗಲೂ ಒಳಗೆ ಎಸಿ ಓಡಬೇಕಾಗುತ್ತದೆ. ಬೆಂಗಳೂರಿನ ಹವೆಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲವೆಂದು ನನ್ನ ಅಭಿಪ್ರಾಯ. ಸೀಲಿಂಗ್ ಫ್ಯಾನ್‌ಗಳಿದ್ದರೆ ಎಸಿಯನ್ನು 26 ಡಿಗ್ರಿಯಲ್ಲಿ ಇಟ್ಟರೂ ಮೈಗೆ ಹಿತವಾಗಿರುತ್ತದೆ.

ಸಂಘ ಸಂಸ್ಥೆಗಳ ಸಭಾಭವನ

ಬಡಾವಣೆಯ ಕನ್ನಡ ಸಂಘವೋ, ಸಂಗೀತ ಸಭೆಯೋ, ಶಾಲೆಯ ಆಡಳಿತ ಮಂಡಳಿಯೋ ವಂತಿಗೆ ಎತ್ತಿ ಕಟ್ಟಿಸುವ 150 ಆಸನಗಳ ಭವನಗಳಲ್ಲಿ ಸಾಮಾನ್ಯವಾಗಿ ಕೆಡುವುದು ಶಬ್ದ. ಮಾತನಾಡಿದ ಶಬ್ದ ಕೋಣೆಯಲ್ಲಿ ಉಳಿದು ಮೆಲ್ಲಗೆ ಅಡಗುವ ಅವಧಿಗೆ ಅನುರಣನ ಕಾಲ ಎನ್ನುತ್ತಾರೆ. ಮಾತು ನಾಟಕಗಳಿಗೆ ಅದು ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿನ ಒಟ್ಟು ಶಬ್ದಹೀರುವ ವಿಸ್ತೀರ್ಣದಿಂದ ಭಾಗಿಸಿದರೆ ಆ ಕಾಲ ಸಿಗುತ್ತದೆ. 10 ಮೀಟರ್ ಅಗಲ, 15 ಮೀಟರ್ ಉದ್ದ, 6 ಮೀಟರ್ ಎತ್ತರದ ಭವನವೆಂದರೆ 900 ಘನ ಮೀಟರ್. ಒಂದು ಸೆಕೆಂಡಿಗೆ 145 ಚದರ ಮೀಟರಿನಷ್ಟು ಹೀರುವ ಸಾಮರ್ಥ್ಯ ಬೇಕು. ಕುಳಿತ ಒಬ್ಬರು ಸುಮಾರು 0.45 ಚದರ ಮೀಟರ್ ಲೆಕ್ಕಕ್ಕೆ ಬರುವುದರಿಂದ 150 ಜನರಿಂದ 67 ಸಿಗುತ್ತದೆ. ನುಣುಪಾದ ಗಿಲಾವಿನ ಗೋಡೆ, ಗ್ರಾನೈಟ್ ನೆಲ, ಬರಿಯ ಮೋಲ್ಡ್‌ಗಳೆಲ್ಲ ಸೇರಿ ಕೊಡುವುದು 18 ಮಾತ್ರ. ಅಂದರೆ ಜನ ತುಂಬಿದಾಗಲೂ 1.7 ಸೆಕೆಂಡು, ಅರ್ಧ ಜನ ಬಂದ ದಿನ ಭಾಷಣದ ಒಂದು ಪದವೂ ತಿಳಿಯುವುದಿಲ್ಲ. ಆಗ ಎಲ್ಲರೂ ಮೈಕಿನ ಧ್ವನಿ ಏರಿಸುತ್ತಾರೆ, ಅದರಿಂದ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಹಿಂದಿನ ಗೋಡೆಗೂ ಪಕ್ಕದ ಗೋಡೆಗಳ ಹಿಂಭಾಗಕ್ಕೂ ಸುಮಾರು 80 ಚದರ ಮೀಟರ್ ಶಬ್ದಹೀರುವ ಹಲಗೆ, ಅಥವಾ ದಪ್ಪ ಹತ್ತಿ ಬಟ್ಟೆ ಹೊದಿಸಿದ ಚೌಕಟ್ಟುಗಳನ್ನು ಮೊದಲ ಅಂದಾಜುಪಟ್ಟಿಯಲ್ಲೇ ಬರೆಯಿರಿ. ವೇದಿಕೆಯ ಹತ್ತಿರದ ಗೋಡೆ ಮತ್ತು ಸೂರು ಗಟ್ಟಿಯಾಗಿಯೇ ಇರಲಿ, ಅವು ಶಬ್ದವನ್ನು ಮುಂದಕ್ಕೆ ತಳ್ಳುತ್ತವೆ.

ಜೆ. ಪಿ. ನಗರದ ರಂಗಶಂಕರದಲ್ಲಿ ಒಂದು ನಾಟಕ ನೋಡಿ ಬಂದರೆ ಉಳಿದದ್ದು ಅರ್ಥವಾಗುತ್ತದೆ. ಶಾರೂಖ್ ಮಿಸ್ತ್ರಿಯವರ ವಿನ್ಯಾಸದ, 2004ರಲ್ಲಿ ತೆರೆದ ಆ ರಂಗಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ನಟರ ಕಣ್ಣು ಕಾಣುತ್ತದೆ. ಪ್ರತಿ ಸಾಲಿನಲ್ಲಿ ಕುಳಿತವರ ದೃಷ್ಟಿರೇಖೆ ಮುಂದಿನವರ ಕಣ್ಣಿನ ಮಟ್ಟಕ್ಕಿಂತ 12 ಸೆಂಟಿಮೀಟರ್ ಮೇಲೆ ಹಾಯುವಂತೆ ಮೆಟ್ಟಿಲುಗಳನ್ನು ಲೆಕ್ಕ ಹಾಕುವುದು ಅಗತ್ಯ. ವೇದಿಕೆಯ ಎರಡೂ ಬದಿಗೆ ಜಾಗ, ಹಿಂದೆ ಒಬ್ಬರು ಓಡಿಹೋಗುವಷ್ಟು ಓಣಿ, ರಂಗಸಜ್ಜಿಕೆ ಒಳತರುವ ಅಗಲದ ಬಾಗಿಲು ಇವನ್ನು ಮರೆತ ಭವನಗಳು ಊರಿನಲ್ಲಿ ಬಹಳ. ಯಕ್ಷಗಾನ ಮೇಳವನ್ನು ಕರೆಸುವ ಆಸೆಯಿದ್ದರೆ ಬಣ್ಣದ ಮನೆ ಸಾಲದು, ಹತ್ತಾರು ವೇಷಧಾರಿಗಳು ಸಾಲಾಗಿ ಕುಳಿತು ಮುಖವರ್ಣಿಕೆ ಮಾಡಿಕೊಳ್ಳುವಷ್ಟು ಉದ್ದದ ಚೌಕಿ ಬೇಕು. ಹೆಂಗಸರ ಶೌಚಾಲಯಗಳನ್ನು ಗಂಡಸರದಕ್ಕಿಂತ ಹೆಚ್ಚು ಮಾಡಿ. ಗಾಲಿಕುರ್ಚಿಗೆ 1ಕ್ಕೆ 12ರ ಇಳಿಜಾರಿನ ರ‍್ಯಾಂಪ್ ಮುಂಬಾಗಿಲಿಗೇ ಬರಲಿ, ಹಿತ್ತಿಲ ಬಾಗಿಲಿಗೆ ಅಲ್ಲ. ನಿರ್ಗಮನದ ಬಾಗಿಲುಗಳೆಲ್ಲ ಹೊರಕ್ಕೆ ತೆರೆಯಲಿ.

ನಕ್ಷೆ, ಕರಾರು, ಕೆಲಸ

ವಾಸ್ತುಶಿಲ್ಪಿ ಎಂದು ಕರೆದುಕೊಳ್ಳಲು 1972ರ ಕಾಯಿದೆಯಂತೆ ವಾಸ್ತುಶಿಲ್ಪ ಪರಿಷತ್ತಿನ ನೋಂದಣಿ ಬೇಕು, ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ. ಮೊದಲ ಭೇಟಿಗೆ ಚಿತ್ರಗಳ ಬದಲು ಮನೆಯ ಒಂದು ದಿನವನ್ನು ಬರೆದುಕೊಂಡು ಹೋಗಿ: ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಕಾಫಿ ಎಲ್ಲಿ ಕುಡಿಯುತ್ತಾರೆ, ಹಬ್ಬಕ್ಕೆ ಎಷ್ಟು ಜನ ಬರುತ್ತಾರೆ, ಬಟ್ಟೆ ಎಲ್ಲಿ ಒಣಗುತ್ತದೆ, ಹಪ್ಪಳ ಸಂಡಿಗೆಗೆ ತಾರಸಿಗೆ ಹೋಗುವವರ ಮಂಡಿ ಹೇಗಿದೆ. ನಕ್ಷೆಯ ಜೊತೆಗೆ ಸೆಕ್ಷನ್, ಅಂದರೆ ಕಟ್ಟಡವನ್ನು ನೆಟ್ಟಗೆ ಸೀಳಿ ತೋರಿಸುವ ಚಿತ್ರವನ್ನು ಕೇಳಿ, ಅದರ ಮೇಲೆ ಡಿಸೆಂಬರ್ ಮತ್ತು ಜೂನ್ ತಿಂಗಳ ಬಿಸಿಲಿನ ಗೆರೆಗಳನ್ನು ಎಳೆಸಿಕೊಳ್ಳಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಮತ್ತು ಮಹಡಿಗಳ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಮಂಜೂರಾತಿಗೆ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನೇ ನೋಡಬೇಕು. ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಬೇಡಿ.

ಗುತ್ತಿಗೆದಾರರು ಚದರಕ್ಕೆ ಇಷ್ಟು ಎಂದು ಹೇಳುವ ದರದಲ್ಲಿ ಸಂಪು, ಕಾಂಪೌಂಡು, ಗೇಟು, ಮಳೆನೀರಿನ ವ್ಯವಸ್ಥೆ, ತಾರಸಿಯ ಹೊದಿಕೆಗಳು ಸೇರಿವೆಯೇ ಎಂದು ಒಂದೊಂದಾಗಿ ಬರೆಸಿಕೊಳ್ಳಿ. ಹಣವನ್ನು ಪಾಯ, ಪ್ಲಿಂತ್, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ), ಮೋಲ್ಡ್ ಎಂದು ಹಂತಕ್ಕೆ ತಕ್ಕಂತೆ ಕೊಡಿ. ಮೋಲ್ಡ್ ಹಾಕುವ ಹಿಂದಿನ ಸಂಜೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆಗಳ ಅಚ್ಚಿನ ಮೇಲೆ ಹತ್ತಿ, ಸರಳುಗಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್‌ಗಳು ಕೆಳಗೆ ಇವೆಯೇ ಎಂದು ಕಣ್ಣಾರೆ ನೋಡಿ. ಹಾಕಿದ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ಕನಿಷ್ಠ ಹತ್ತು ದಿನ, ಸಾಧ್ಯವಾದರೆ ಹದಿನಾಲ್ಕು ದಿನ ನೀರು ನಿಲ್ಲಿಸಬೇಕು. ಗಿಲಾವಿಗೆ ಮೊದಲು ಪ್ರತಿ ಗೋಡೆಯ ಪೈಪು ಮತ್ತು ವೈರುಗಳನ್ನು ಟೇಪು ಹಿಡಿದು ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗಲೂ ಸೋರಿಕೆ ಹುಡುಕುವಾಗಲೂ ಅದೇ ನಿಮ್ಮ ನಕ್ಷೆ.

ಕರಾರಿನಲ್ಲಿ ಕೊನೆಯ ಶೇಕಡಾ 5ರಷ್ಟು ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತನ್ನು ಸೇರಿಸಿ. ಗೃಹಪ್ರವೇಶ ಮಾಘದಲ್ಲೋ ವೈಶಾಖದಲ್ಲೋ ಆಗಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಜೋರು ಮಳೆ ಬರುವ ತನಕ ತಾರಸಿಯ ಇಳಿಜಾರು, ಕಿಟಕಿಯ ಅಂಚು, ಬೆಳಕಿನ ಬಾವಿಯ ಗಾಜು ಇವುಗಳ ಪರೀಕ್ಷೆಯೇ ಆಗಿರುವುದಿಲ್ಲ. ಮಳೆ ನಿಂತ ಮರುದಿನ ಬೆಳಿಗ್ಗೆ ಮೇಸ್ತ್ರಿಯನ್ನು ಕರೆದು ತಾರಸಿಯಿಂದ ಇಂಗುಬಾವಿಯವರೆಗೆ ಜೊತೆಯಲ್ಲಿ ನಡೆದು, ನೀರು ನಿಂತ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ ಸರಿಪಡಿಸಿಕೊಂಡ ಮೇಲೆ ಆ ಹಣವನ್ನು ಚುಕ್ತಾ ಮಾಡಿ.